ನೂಲು ಕಚ್ಚುವವನು

ದಂಡು, ಬೆಂಗಳೂರು
16 ಆಗಸ್ಟ್ 1943

ಭಾವನವರಿಗೆ ಪಿಳ್ಳಪ್ಪನ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ಅಕ್ಕ, ರತ್ನ, ನೀವು ಮೂವರೂ ಚೆನ್ನಾಗಿದ್ದೀರೆಂದು ನಂಬಿದ್ದೇನೆ. ಇಲ್ಲಿ ಖಾಕಿ ಬಟ್ಟೆಯ ರಾಶಿ ಕರಗುವುದೇ ಇಲ್ಲ. ಹೊಲಿದಷ್ಟೂ ಬರುತ್ತದೆ. ಈ ತಿಂಗಳೂ ನಾನು ಊರಿಗೆ ಬರಲಾಗುವುದಿಲ್ಲ. ರಜ ಕೊಡುವುದಿಲ್ಲ, ಕೊಟ್ಟರೂ ಪೆಟ್ರೋಲಿಲ್ಲದೆ ಇದ್ದಿಲಿನಲ್ಲಿ ಓಡುವ ಆ ಬಸ್ಸನ್ನು ನಂಬಿ ಹೊರಟರೆ ದಾರಿಯಲ್ಲೇ ದಿನ ಮುಗಿಯುತ್ತದೆ. ರತ್ನಳಿಗೆ ನೀವೇ ಹೇಳಿ. ದಂಡಿನ ತುಂಬ ಸೋಲ್ಜರುಗಳು, ಸಂಸಾರಕ್ಕೆ ಒಂದು ಕೋಣೆಯೂ ಬಾಡಿಗೆಗೆ ಸಿಗುವುದಿಲ್ಲ, ಅಣ್ಣನ ಮನೆಯಲ್ಲೇ ಇನ್ನಷ್ಟು ದಿನ ಇರಲಿ ಎಂದೂ ಹೇಳಿ.

ನೀವು ಉಪದೇಶಿಗಳು, ಊರಿನ ಕ್ರೈಸ್ತ ಸಭೆ ನಡೆಸುವವರು. ಅದಕ್ಕೇ ಒಂದು ಮಾತು ಕೇಳುತ್ತೇನೆ. ನನ್ನ ಪಕ್ಕದ ಮೆಷಿನ್ನಿನಲ್ಲಿ ಹೊಲಿಯುವವನೊಬ್ಬನಿದ್ದಾನೆ. ಹೆಸರು ಬೇಡ. ನಮ್ಮ ಮತದವನೇ, ಮದುವೆಯಾದವನು. ಶನಿವಾರ ಕೂಲಿ ಕೈಗೆ ಬಂದರೆ ಅವನ ಕಾಲು ನೆಟ್ಟಗೆ ಕೋಣೆಗೆ ಬರುವುದಿಲ್ಲ. ಸೂಳೆಯರ ಬೀದಿಗೆ ಹೋಗುತ್ತದೆ. ಹೋಗಬಾರದು ಎಂದು ಅಳುತ್ತಾನೆ, ಪ್ರಾರ್ಥನೆ ಮಾಡುತ್ತಾನೆ, ಹೋಗುತ್ತಾನೆ. "ಕಾಲಿಗೆ ನಾನು ಹೇಳೋದಿಲ್ಲ ಕಣೋ, ಅದೇ ಹೋಯ್ತದೆ" ಎನ್ನುತ್ತಾನೆ. ಆಸೆ ಬಂದಾಗ ಒಂದು ತುಂಡು ನೂಲನ್ನು ಬಾಯಿಗೆ ಹಾಕಿಕೊಂಡು ಕಚ್ಚುತ್ತಾನೆ, ನಾಲಿಗೆಯಲ್ಲಿ ರಕ್ತ ಬರುವ ತನಕ. ಇಂಥವನಿಗೆ ಬಿಡುಗಡೆ ಉಂಟೇ? ಬೇಗ ಬರೆಯಿರಿ. ಅವನು ದಿನಾ ಕೇಳುತ್ತಾನೆ.

ಪಿಳ್ಳಪ್ಪ


ಚನ್ನರಾಯಪಟ್ಟಣ, ದೇವನಹಳ್ಳಿ ತಾಲ್ಲೂಕು
24 ಆಗಸ್ಟ್ 1943

ಪ್ರಿಯ ಪಿಳ್ಳಪ್ಪ,

ಮೊದಲು ಉಪದೇಶಿ ದಾನಿಯೇಲಪ್ಪನ ಆಶೀರ್ವಾದ. ಭಾವನ ಬೈಗುಳ ಕೊನೆಯಲ್ಲಿದೆ.

ನಿನ್ನ ಗೆಳೆಯನ ವಿಷಯ ಓದಿ ಮೈ ಉರಿಯಿತು. ಅಳುತ್ತಾನಂತೆ! ಮೊಸಳೆಯೂ ಅಳುತ್ತದೆ. ಮನಸ್ಸಿದ್ದರೆ ಮಾರ್ಗ, ಅವನಿಗೆ ಮನಸ್ಸಿಲ್ಲ. ನಾಯಿಯ ಬಾಲಕ್ಕೆ ಯಾರು ದಬ್ಬೆ ಕಟ್ಟಿದರೂ ಅದು ಡೊಂಕೇ. ನೀನು ಅವನ ಜೊತೆ ಊಟಕ್ಕೆ ಕೂರಬೇಡ. ಅಲ್ಲಿನ ಪಾದ್ರಿ ಅಯ್ಯನವರಿಗೆ ತಿಳಿಸಿ, ರೊಟ್ಟಿ ದ್ರಾಕ್ಷಾರಸ ಕೊಡುವ ಕರ್ತನ ಮೇಜಿನಿಂದ ಅವನನ್ನು ದೂರ ಇಡಿಸು. ಅವನ ಹೆಂಡತಿ ಪಾಪ ಯಾವ ಊರಲ್ಲಿ ಕೂತು ದಾರಿ ನೋಡುತ್ತಿದ್ದಾಳೋ! ಆ ನೂಲು ಕಚ್ಚುವ ಸಂಗತಿ ಮಾತ್ರ ಮನಸ್ಸಿನಲ್ಲಿ ಉಳಿಯಿತು. ಭಾನುವಾರದ ಪ್ರಸಂಗಕ್ಕೆ ಬಹಳ ಒಳ್ಳೆಯ ದೃಷ್ಟಾಂತ.

ನಿನ್ನ ಅಕ್ಕ ಸಾರಮ್ಮ ಎಂದಿನಂತೆ ನನ್ನನ್ನು ಆಳುತ್ತಿದ್ದಾಳೆ. ನನ್ನ ತಂಗಿಯ ಸಂಗತಿ ಕೇಳು. ನಮ್ಮ ಸಭೆಯ ಹೆಂಗಸರು ಮುದ್ದೆಗೆ ಹಿಟ್ಟು ಹಾಕುವ ಮುಂಚೆ ದೇವರ ಪಾಲೆಂದು ಒಂದು ಹಿಡಿ ತೆಗೆದಿಡುವುದು ನಿನಗೆ ಗೊತ್ತೇ ಇದೆ. ರತ್ನ ಈಗ ನಿನ್ನ ಹೆಸರಿನಲ್ಲಿ ಬೇರೆ ಕುಡಿಕೆಯನ್ನೇ ಇಟ್ಟಿದ್ದಾಳೆ. ತಿಂಗಳ ಮೊದಲ ಭಾನುವಾರ ಎಲ್ಲರ ಮಡಕೆಗಳ ಜೊತೆ ಅದೂ ದೇವಾಲಯಕ್ಕೆ ಬರುತ್ತದೆ. ಸಾರಮ್ಮ ರೇಗಿಸಿದಳು: "ಏನಮ್ಮಾ, ಇಲ್ಲಿ ಉಣ್ಣೋಕಿಲ್ದೋನಿಗೂ ಒಂದು ಹಿಡಿಯಾ?" ಅದಕ್ಕೆ ಇವಳು, "ದೂರ ಇರೋರಿಗೇ ಅಲ್ವಾ ಅತ್ತಿಗೆ ಜಾಸ್ತಿ ಬೇಕಾಗೋದು?" ಎಂದಳು.

ಇನ್ನು ಬೈಗುಳ. ಈಸ್ಟರಿಗೆ ಬಂದವನು ಮತ್ತೆ ಮುಖ ತೋರಿಸಿಲ್ಲ. ನಿನ್ನ ಅಕ್ಕನನ್ನು ನಾನು ಮದುವೆಯಾಗಿ ತಂದೆ, ನನ್ನ ತಂಗಿಯನ್ನು ನಿನಗೆ ಕೊಟ್ಟೆ. ನಿನ್ನ ಅಕ್ಕನನ್ನು ನಾನು ಒಂದು ದಿನ ಬಿಟ್ಟಿದ್ದೇನೆಯೇ? ಬಸ್ಸಿನವನ ಕೈಯಲ್ಲಿ ಎರಡು ಚಕ್ಕೋತ ಕಳಿಸಿದ್ದೇನೆ. ಎರಡೂ ನಿನಗೆ. ಆ ಗೆಳೆಯನಿಗೆ ಒಂದು ತೊಳೆಯೂ ಕೊಡಬೇಡ.

ದಾನಿಯೇಲಪ್ಪ


ದಂಡು, ಬೆಂಗಳೂರು
4 ಅಕ್ಟೋಬರ್ 1943

ಭಾವನವರಿಗೆ,

ಕಾರ್ಡು ತಡವಾಯಿತು. ಕೆಲಸ. ನೀವು ಬರೆದದ್ದನ್ನು ಅವನಿಗೆ ಓದಿ ಹೇಳಿದೆ. ಅಯ್ಯನವರಿಗೆ ತಿಳಿಸುವ ಅಗತ್ಯ ಬೀಳಲಿಲ್ಲ. ಅವನೇ ಮೇಜಿನ ಹತ್ತಿರ ಹೋಗುವುದನ್ನು ಬಿಟ್ಟಿದ್ದಾನೆ. ಚಕ್ಕೋತ ಎರಡನ್ನೂ ನಾನೇ ತಿಂದೆ. ಕ್ರಿಸ್‌ಮಸ್ಸಿಗೂ ಬರುವುದು ಅನುಮಾನ. ರತ್ನಳಿಗೆ ಕುಡಿಕೆ ಬೇಡವೆಂದು ಹೇಳಿ. ರಾಗಿ ತುಟ್ಟಿಯಾಗಿದೆ.

ಪಿಳ್ಳಪ್ಪ


ಚನ್ನರಾಯಪಟ್ಟಣ
8 ನವೆಂಬರ್ 1943

ಪ್ರಿಯ ಪಿಳ್ಳಪ್ಪ,

ಒಂದು ಸಂತೋಷ, ಒಂದು ಸಂಕಟ. ಸಂತೋಷ ಮೊದಲು. ಹೋದ ತಿಂಗಳು ನಿನ್ನ ಗೆಳೆಯನ ಕಥೆಯನ್ನು ಪ್ರಸಂಗದಲ್ಲಿ ಹೇಳಿದೆ. ಹೆಸರು ನನಗೇ ಗೊತ್ತಿಲ್ಲವಾದ್ದರಿಂದ ಹೇಳುವ ಭಯವಿರಲಿಲ್ಲ. ದಂಡಿನಲ್ಲಿ ಒಬ್ಬ ದರ್ಜಿ, ಶನಿವಾರದ ಕೂಲಿ, ತಾನಾಗಿ ನಡೆಯುವ ಕಾಲು, ಬಾಯಲ್ಲಿ ನೂಲು, ನಾಲಿಗೆಯಲ್ಲಿ ರಕ್ತ. ಪಾಪದ ನೂಲು ಮೊದಲು ತೆಳ್ಳಗೆ, ಆಮೇಲೆ ಹಗ್ಗ ಎಂದು ಮುಗಿಸಿದೆ. ಪಿಳ್ಳಮ್ಮಜ್ಜಿ ಸೆರಗಿನಲ್ಲಿ ಕಣ್ಣು ಒರೆಸಿಕೊಂಡಳು. ಈ ವರ್ಷದಲ್ಲಿ ನಾನು ಮಾಡಿದ ಪ್ರಸಂಗಗಳಲ್ಲೆಲ್ಲಾ ಅದೇ ಚೆನ್ನಾಗಿತ್ತು ಎಂದು ಎಲ್ಲರೂ ಹೇಳಿದರು. ನಾನೂ ಒಪ್ಪಿದೆ.

ಸಂಕಟ ಇದು. ನಿನ್ನೆ ಮೊದಲ ಭಾನುವಾರ. ಹೆಂಗಸರು ಸಾಲಾಗಿ ಮಡಕೆ ತಂದು ಸುರಿದರು. ರತ್ನ ನಿನ್ನ ಹೆಸರಿನ ಕುಡಿಕೆ ತಂದಳು, ಎಲ್ಲರ ಎದುರು ಬಗ್ಗಿಸಿದಳು. ಒಂದು ಚಿಟಿಕೆ ಹಿಟ್ಟೂ ಬೀಳಲಿಲ್ಲ. ನನ್ನನ್ನೇ ನೋಡುತ್ತಾ ನಿಂತಳು. ಉಪದೇಶಿಯ ಮನೆಯಲ್ಲಿ ಹಿಟ್ಟಿಗೂ ಗತಿಯಿಲ್ಲವೆಂದು ಜನ ತಿಳಿದು, ಸಂಜೆ ನಮ್ಮ ಸಭೆಯ ಮುನಿಶಾಮಪ್ಪ ಒಂದು ಮೊರ ರಾಗಿ ತಂದು ಕೊಟ್ಟು ಹೋದ. ನನಗೆ ಎಲ್ಲಿ ಮುಖ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ. ಅವಳು ಕುಡಿಕೆಯನ್ನು ತೊಳೆದು ಅಡಿಗೆಮನೆಯ ಗೂಡಿನಲ್ಲಿ ಬೋರಲು ಹಾಕಿದ್ದಾಳೆ.

ನೀವಿಬ್ಬರು ಜಗಳ ಆಡಿದ್ದೀರಾ? ಪಟ್ಟಣಕ್ಕೆ ಕರೆದುಕೊಂಡು ಹೋಗಲಿಲ್ಲ ಎಂಬ ಮುನಿಸು ಇದು ಎಂದು ನನ್ನ ಎಣಿಕೆ. ಒಂದು ಸೀರೆ ತೆಗೆದುಕೊಂಡು ಕ್ರಿಸ್‌ಮಸ್ಸಿಗೆ ಬಾ, ಎಲ್ಲ ಸರಿಹೋಗುತ್ತದೆ.

ದಾನಿಯೇಲಪ್ಪ


ದಂಡು, ಬೆಂಗಳೂರು
14 ನವೆಂಬರ್ 1943

ಭಾವಾ,

ಏನು ಮಾಡಿಬಿಟ್ಟಿರಿ! ನೂಲು ಕಚ್ಚುವವನು ನಾನೇ.

ರತ್ನಳಿಗೆ ಗೊತ್ತು. ಮದುವೆಯಾದ ಹೊಸದರಲ್ಲೇ ನನ್ನ ಅಂಗಿಯ ಜೇಬಿನಲ್ಲಿ, ದಿಂಬಿನ ಮೇಲೆ, ಜಗಿದ ನೂಲಿನ ತುಂಡುಗಳನ್ನು ಹೆಕ್ಕಿ, "ಇದೇನು ಅಭ್ಯಾಸ, ಮೇಕೆ ಮರಿ ಹಂಗೆ?" ಎಂದು ನಗುತ್ತಿದ್ದಳು. ದರ್ಜಿ ಅಂದಿರಿ, ದಂಡು ಅಂದಿರಿ, ನೂಲು ಅಂದಿರಿ. ಇನ್ನು ಹೆಸರು ಹೇಳುವುದು ಏನು ಉಳಿದಿತ್ತು? ನಾನು ನಿಮ್ಮ ಕಿವಿಗೆ ಹೇಳಿದ್ದನ್ನು ನೀವು ಸಭೆಗೆ ಹೇಳಿದಿರಿ. ಅವಳು ಮುಂದಿನ ಸಾಲಿನಲ್ಲಿ ಕೂತು ಕೇಳಿದ್ದಾಳೆ. ನಿಮ್ಮ ಮೇಲೆ ಕೋಪ ಬರುತ್ತಿದೆ. ಕೋಪ ಮಾಡಿಕೊಳ್ಳಲು ನನಗೇನು ಯೋಗ್ಯತೆ ಎಂದೂ ಅನ್ನಿಸುತ್ತಿದೆ. ಎದ್ದು ಓಡಾಡಿದೆ, ಮತ್ತೆ ಕೂತು ಬರೆಯುತ್ತಿದ್ದೇನೆ.

ಇದು ಇಲ್ಲಿಗೆ ಬಂದ ವರ್ಷದಿಂದ ನಡೆದಿದೆ. ಒಂದು ಸಲ ನೋಡೋಣ ಎಂದು ಹೋದದ್ದು. ಆಮೇಲೆ ಸಂತೋಷಕ್ಕೆ ಹೋದೆ, ದುಃಖಕ್ಕೆ ಹೋದೆ, ಏನೂ ಇಲ್ಲದೆಯೂ ಹೋದೆ. ಈಗ ಅಲ್ಲಿ ಸುಖವೂ ಇಲ್ಲ, ಭಾವ. ತುರಿ ಇದ್ದಂತೆ, ಕೆರೆದರೆ ಉರಿ, ಬಿಟ್ಟರೆ ಇನ್ನೂ ಉರಿ. ಬೇರೆ ಬೀದಿಯಲ್ಲಿ ಬಂದರೆ ಆ ಬೀದಿಯೂ ಸುತ್ತಿ ಅಲ್ಲಿಗೇ ಬರುತ್ತದೆ. ಹೋದ ತಿಂಗಳು ಅಲ್ಲೊಬ್ಬಳು ನನ್ನ ಮಾತು ಕೇಳಿ, "ನಮ್ಮ ಹೊಸಕೋಟೆ ಕಡೆಯೋರಾ ಅಣ್ಣ?" ಎಂದಳು. ಅಣ್ಣ ಎಂದುಬಿಟ್ಟಳು. ನನ್ನ ಹುಟ್ಟೂರನ್ನೇ ಅಲ್ಲ ಎಂದು ಸುಳ್ಳು ಹೇಳಿ ಎದ್ದು ಬಂದೆ. ಮುಂದಿನ ಶನಿವಾರ ಮತ್ತೆ ಹೋದೆ.

ಇನ್ನೊಂದು ಇದೆ. ಅದನ್ನು ಹೇಳದೆ ಇದ್ದರೆ ನಾನು ಮನುಷ್ಯನಲ್ಲ. ಮಳೆಗಾಲದಲ್ಲಿ ನನಗೆ ಆ ರೋಗ ಕಾಣಿಸಿತು. ಡಾಕ್ಟರು ಸೂಜಿ ಹಾಕಿ ವಾಸಿಯಾಯಿತು ಎಂದರು. ಆದರೆ ಈಸ್ಟರಿಗೆ ಬಂದಾಗ ಅದು ಮೈಯಲ್ಲಿತ್ತೋ ಇಲ್ಲವೋ ನನಗೆ ಗೊತ್ತಿಲ್ಲ. ಊರಿಗೆ ಬಾರದೆ ಉಳಿದದ್ದು ಅದಕ್ಕೇ. ರತ್ನಳನ್ನು ಮಿಶನ್ ಆಸ್ಪತ್ರೆಯ ಡಾಕ್ಟರಮ್ಮನಿಗೆ ತೋರಿಸಿ. ಏನು ಹೇಳಿ ಕರೆದುಕೊಂಡು ಹೋಗುತ್ತೀರೋ ನನಗೆ ತೋಚುವುದಿಲ್ಲ.

ಅಸ್ಸಾಮಿನ ಕಡೆ ದಂಡಿನ ಜೊತೆ ಹೋಗಲು ದರ್ಜಿಗಳು ಬೇಕಂತೆ. ಹೆಸರು ಕೊಟ್ಟಿದ್ದೇನೆ. ಅಲ್ಲೇ ಸತ್ತರೆ ಎಲ್ಲರಿಗೂ ಒಳ್ಳೆಯದು.

ಪಿಳ್ಳಪ್ಪ


ಚನ್ನರಾಯಪಟ್ಟಣ
19 ನವೆಂಬರ್ 1943

ಪಿಳ್ಳಪ್ಪ,

ಇದನ್ನು ಉಪದೇಶಿ ಬರೆಯುತ್ತಿಲ್ಲ. ರತ್ನಳ ಅಣ್ಣ ಬರೆಯುತ್ತಿದ್ದಾನೆ.

ನಿನ್ನ ಅಕ್ಕ ನನ್ನ ಮನೆಯಲ್ಲಿ ಒಡತಿಯಾಗಿ ಉಂಡು ಉಡುತ್ತಿದ್ದಾಳೆ. ನನ್ನ ತಂಗಿಗೆ ನೀನು ಕೊಟ್ಟದ್ದು ಇದು. ಕೊಟ್ಟು ತಂದ ಸಂಬಂಧದಲ್ಲಿ ಒಂದು ಕಡೆ ಹರಿದರೆ ಇನ್ನೊಂದು ಕಡೆಯೂ ನಿಲ್ಲುವುದಿಲ್ಲ ಎನ್ನುವುದು ನಮ್ಮ ಹಿರಿಯರ ಮಾತು. ಅದನ್ನು ನಿನ್ನ ಅಕ್ಕನಿಗೂ ಹೇಳಿದ್ದೇನೆ.

ಅಸ್ಸಾಮಿಗೆ ಹೋಗು. ಎಲ್ಲಿಗೆ ಬೇಕಾದರೂ ಹೋಗು. ನನ್ನ ಹೊಸಿಲು ತುಳಿಯಬೇಡ.

ದಾನಿಯೇಲಪ್ಪ


ಚನ್ನರಾಯಪಟ್ಟಣ
3 ಜನವರಿ 1944

ಪಿಳ್ಳಪ್ಪ,

ನಿನ್ನಿಂದ ಒಂದು ಸಾಲೂ ಬಂದಿಲ್ಲ. ಹೇಗೆ ಬಂದೀತು? ಈ ಕಾಗದ ನಿನಗೆ ಸಿಗುತ್ತದೋ, ನೀನು ಆಗಲೇ ಅಸ್ಸಾಮಿನಲ್ಲಿದ್ದೀಯೋ ತಿಳಿಯದು. ಆದರೂ ಬರೆಯುತ್ತೇನೆ, ಬರೆಯದೆ ಕೂರಲು ಆಗುತ್ತಿಲ್ಲ.

ನಾನು ಆ ಕಾಗದ ಬರೆದ ಮೇಲೆ ಈ ಮನೆಯಲ್ಲಿ ಏನಾಯಿತು ಕೇಳು. ಸಾರಮ್ಮನ ಜೊತೆ ಮಾತು ಬಿಟ್ಟೆ, ಊಟ ಬಿಟ್ಟೆ. ಅವಳು ಮುದ್ದೆಯ ತಟ್ಟೆಯನ್ನು ನನ್ನ ಮುಂದೆ ಕುಕ್ಕಿ, "ನನ್ನ ತಮ್ಮನ ಪಾಪಕ್ಕೆ ನನ್ನ ಮುದ್ದೆ ಯಾಕೆ ಬಿಡ್ತೀರಾ? ಕಳಿಸೋದಾದ್ರೆ ನನ್ನ ಇವತ್ತೇ ಹೊಸಕೋಟೆಗೆ ಕಳ್ಸಿ, ಉಂಡು ಕಳ್ಸಿ" ಎಂದಳು. ಉಂಡೆ. ಆಮೇಲೆ ಧೈರ್ಯ ಮಾಡಿ, ಆಸ್ಪತ್ರೆಯ ಮಾತು ಎತ್ತಲು ರತ್ನಳ ಹತ್ತಿರ ಹೋದೆ. ಹಿಟ್ಟು ಜರಡಿ ಹಿಡಿಯುತ್ತಿದ್ದಳು. ನಾನು ಮಳೆ, ಬೆಳೆ, ಹೆಂಗಸರ ಆರೋಗ್ಯ ಎಂದೆಲ್ಲಾ ಸುತ್ತುವುದನ್ನು ಕೇಳಿ ಕೇಳಿ, "ಅಣ್ಣಾ, ಅದನ್ನ ಹೇಳೋಕೆ ಇಷ್ಟೊಂದು ಯಾಕೆ ಒದ್ದಾಡ್ತೀಯ? ನೀನು ಪ್ರಸಂಗ ಮಾಡಿದ ವಾರಾನೇ ನಾನೂ ಅತ್ತಿಗೆನೂ ಹೋಗಿ ತೋರ್ಸಿಕೊಂಡು ಬಂದ್ವಿ. ನಂಗೇನೂ ಇಲ್ಲ ಅಂದ್ರು ಡಾಕ್ಟ್ರಮ್ಮ" ಎಂದಳು. ದೇವರಿಗೆ ಸ್ತೋತ್ರ. ದೀಪದ ಕೆಳಗೇ ಕತ್ತಲು ಎನ್ನುತ್ತಾರಲ್ಲ, ಈ ಮನೆಯಲ್ಲಿ ಏನೂ ಗೊತ್ತಿಲ್ಲದವನು ನಾನೊಬ್ಬನೇ.

ನಿನ್ನ ವಿಷಯದಲ್ಲಿ ಅವಳು ಏನೆಂದಳು ಎಂದು ಕೇಳಬೇಡ. ಹೇಳುವುದಿಲ್ಲ.

ಕ್ರಿಸ್‌ಮಸ್ಸಿಗೆ ಅಯ್ಯನವರು ಬಂದು ಕರ್ತನ ಭೋಜನ ನಡೆಸಿದರು. ನಾನು ಮೇಜಿನ ಹತ್ತಿರ ಹೋಗಲಿಲ್ಲ. ಸಭೆ ಗುಸುಗುಸು ಎಂದಿತು. ತಪ್ಪಿಹೋದ ಮಗ ಮನೆಗೆ ಬರುವ ಕಥೆಯನ್ನು ಎಷ್ಟೋ ಸಲ ಬೋಧಿಸಿದ್ದೇನೆ. ಅದರಲ್ಲಿ ಓಡಿಬಂದು ಅಪ್ಪಿಕೊಳ್ಳುವ ಅಪ್ಪ ನಾನೇ ಎಂದುಕೊಂಡು ಬೋಧಿಸುತ್ತಿದ್ದೆ. ಅಲ್ಲ ಕಣಯ್ಯ. ಹೊಲದಿಂದ ಬಂದು, ತಮ್ಮನನ್ನು ಒಳಗೆ ಸೇರಿಸಿಕೊಂಡರೆಂದು ಬಾಗಿಲ ಹೊರಗೆ ಮುಖ ಊದಿಸಿಕೊಂಡು ನಿಂತನಲ್ಲ, ಆ ಅಣ್ಣ ನಾನು. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ನಿನ್ನ ಗುಟ್ಟನ್ನು ದೃಷ್ಟಾಂತ ಮಾಡಿದೆ, ನೀನು ಕೈ ಚಾಚಿದಾಗ ನಾಯಿ ಬಾಲ ಎಂದೆ. ನನ್ನನ್ನು ಕ್ಷಮಿಸು.

ನನ್ನ ತಂಗಿಗಾಗಿ ನನ್ನ ಹೊಟ್ಟೆ ಇನ್ನೂ ಉರಿಯುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಆದರೆ ನೀನು ಸಾಯುವುದು ನನಗೆ ಬೇಡ. ದೊಡ್ಡಬಳ್ಳಾಪುರದಲ್ಲಿ ನನಗೆ ಬೇಕಾದ ಮಗ್ಗದವರು ಮುನಿವೆಂಕಟಪ್ಪ ಎಂದು ಇದ್ದಾರೆ. ಅವರ ಜಗಲಿಯಲ್ಲಿ ಮೆಷಿನ್ ಹಾಕಿಕೊಳ್ಳಲು ಒಬ್ಬ ದರ್ಜಿ ಬೇಕಂತೆ. ದಂಡು ಬಿಡು. ನೀನು ಬಿಟ್ಟರೂ ಆ ಬೀದಿ ನಿನ್ನನ್ನು ಬಿಡುವುದಿಲ್ಲ. ಅದಕ್ಕೆ ನೀನೇ ದೂರ ಹೋಗಬೇಕು.

ದಾನಿಯೇಲಪ್ಪ


ದಂಡು, ಬೆಂಗಳೂರು
7 ಫೆಬ್ರವರಿ 1944

ಭಾವಾ,

ಕಾಗದ ಸಿಕ್ಕಿತು. ಅವಳಿಗೇನೂ ಇಲ್ಲ ಎನ್ನುವ ಸಾಲನ್ನು ಓದಿ ಮೆಷಿನ್ನಿನ ಮೇಲೆ ತಲೆ ಇಟ್ಟು ಅತ್ತೆ. ಅಕ್ಕಪಕ್ಕದವರು ಯಾರೋ ಸತ್ತರೆಂದು ತಿಳಿದರು. ಅಸ್ಸಾಮಿಗೆ ಕೊಟ್ಟ ಹೆಸರನ್ನು ತೆಗೆಸಿದೆ.

ಆ ಸಂತೋಷದಲ್ಲೇ ದೇವಾಲಯಕ್ಕೆ ಹೋಗಿ ಸತ್ಯವೇದದ ಮೇಲೆ ಕೈಯಿಟ್ಟು ಆಣೆ ಮಾಡಿದೆ. ಇನ್ನು ಈ ಜನ್ಮದಲ್ಲಿ ಆ ಬೀದಿಗೆ ಕಾಲಿಡುವುದಿಲ್ಲ ಎಂದು. ಗಾಳಿಯಲ್ಲಿ ತೇಲಿದಂತೆ ಇದ್ದೆ. ಮೊನ್ನೆ ಶನಿವಾರ ಹೋದೆ.

ಈಗ ಪಾಪಿಯಷ್ಟೇ ಅಲ್ಲ, ದೇವರ ಮುಂದೆ ಸುಳ್ಳನೂ ಆದೆ. ಎಡವಿದ ಬೆರಳೇ ಎಡವುವುದು. ನೀವು ಮೊದಲು ಬರೆದಿರಲ್ಲ, ನಾಯಿ ಬಾಲ ಎಂದು, ಅದೇ ಸರಿ. ದೊಡ್ಡಬಳ್ಳಾಪುರಕ್ಕೆ ಬಂದು ಏನು ಮಾಡಲಿ? ಈ ಕಾಲು ನನ್ನ ಜೊತೆಗೇ ಬರುತ್ತದಲ್ಲ.

ಪಿಳ್ಳಪ್ಪ


ಚನ್ನರಾಯಪಟ್ಟಣ
14 ಫೆಬ್ರವರಿ 1944

ಪ್ರಿಯ ಪಿಳ್ಳಪ್ಪ,

ನಿನ್ನ ಕಾಗದ ಓದಿ ಅಡಿಗೆಮನೆಯಲ್ಲಿ ಕೂತೆ. ಗೂಡಿನಲ್ಲಿ ನಿನ್ನ ಕುಡಿಕೆ ಬೋರಲು ಬಿದ್ದಿತ್ತು. ಅದನ್ನು ನೋಡುತ್ತಾ ನನಗೆ ಹೊಳೆದದ್ದನ್ನು ಬರೆಯುತ್ತೇನೆ. ಪ್ರಸಂಗವಲ್ಲ, ಹೆದರಬೇಡ.

ನಮ್ಮ ಹೆಂಗಸರು ವರ್ಷದ ರಾಗಿಯನ್ನು ಒಂದೇ ಸಲ ಎತ್ತಿ ದೇವರಿಗೆ ಕೊಡುವುದಿಲ್ಲ. ಕೊಟ್ಟರೆ ಆ ದಿನ ಎಲ್ಲರೂ ಭೇಷ್ ಎನ್ನುತ್ತಾರೆ, ಮಾರನೆಯ ದಿನ ಮನೆಯವರಿಗೆ ಹಸಿವು. ಅವರು ಕೊಡುವುದು ಇವತ್ತಿನ ಒಲೆಗೆ ಒಂದು ಹಿಡಿ. ನೀನು ಇಡೀ ಜನ್ಮವನ್ನು ಮೂಟೆ ಕಟ್ಟಿ ದೇವರ ಮುಂದೆ ಒಗೆಯಲು ಹೋದೆ. ಸ್ವಾಮಿ ನಮಗೆ ಕಲಿಸಿದ ಪ್ರಾರ್ಥನೆಯಲ್ಲೂ ನಾವು ಇವತ್ತಿನ ಊಟವನ್ನಷ್ಟೇ ಕೇಳುತ್ತೇವೆ, ಅಲ್ಲವೇ? ಇವತ್ತು ಹೋಗುವುದಿಲ್ಲ ಎನ್ನು. ಅಷ್ಟು ಸಾಕು. ನಾಳೆ ಬೆಳಗ್ಗೆ ಎದ್ದು ಮತ್ತೆ ಅದನ್ನೇ ಹೇಳು. ಒಂದು ದಿನ ಹಿಡಿ ತೆಗೆಯಲು ಮರೆತಳೆಂದು ಯಾವ ಹೆಂಗಸೂ ಕುಡಿಕೆ ಒಡೆದು ಹಾಕುವುದಿಲ್ಲ.

ಇನ್ನೊಂದು. ನೀನು ಬಿದ್ದ ಮೇಲೆ ಬರೆಯುತ್ತೀಯ. ಬೀಳುವ ಮುಂಚೆ ಬರೆ. ಬರೆಯಲು ಮಾತು ಹುಡುಕಬೇಡ. ಕಾರ್ಡಿನ ಮೇಲೆ ನಿನ್ನ ಹೆಸರಷ್ಟೇ ಬರೆದು ಡಬ್ಬಕ್ಕೆ ಹಾಕು. ನನಗೆ ಅರ್ಥವಾಗುತ್ತದೆ, ಕೂಡಲೇ ಮೊಣಕಾಲೂರುತ್ತೇನೆ. ಅದು ನನಗೆ ತಲುಪುವ ಹೊತ್ತಿಗೆ ಆಸೆ ತೀರಿಹೋಗಿರುತ್ತದಲ್ಲ ಎಂದು ವಾದ ಮಾಡಬೇಡ. ದೇವರಿಗೆ ಅಂಚೆಯ ಲೆಕ್ಕವಿಲ್ಲ. ನಾನು ದೂರದವನು, ಅದಕ್ಕೇ ಅಲ್ಲಿ ಹತ್ತಿರದ ಒಬ್ಬ ಗಂಡಸಿಗೂ ನಿಜ ಹೇಳು.

ದೊಡ್ಡಬಳ್ಳಾಪುರಕ್ಕೆ ಹೋಗು. ಕಾಲು ಜೊತೆಗೆ ಬರುತ್ತದೆ, ನಿಜ. ಅದಕ್ಕೆ ಅಲ್ಲಿ ದಾರಿ ಗೊತ್ತಿರುವುದಿಲ್ಲ.

ನಿನ್ನ ಭಾವ
ದಾನಿಯೇಲಪ್ಪ


ದೊಡ್ಡಬಳ್ಳಾಪುರ
22 ಮೇ 1944

ಭಾವಾ,

ಹೆಸರು ಬರೆದ ಕಾರ್ಡುಗಳು ತಲುಪಿರಬೇಕು. ಒಂದು ಸಲ ಕಾರ್ಡು ಬರೆಯದೆ ಬೆಂಗಳೂರಿಗೆ ಹೋಗಿಬಂದೆ. ಈಸ್ಟರ್ ಆದ ವಾರ. ಅದನ್ನು ಮುಚ್ಚಿಡುವುದಿಲ್ಲ. ವಾಪಸು ಬಂದು ಮಗ್ಗದ ಮನೆಯ ಬಾಗಿಲಲ್ಲಿ ಒಳಗೆ ಹೋಗಲೋ, ಹಾಗೇ ಎಲ್ಲಾದರೂ ಹೊರಟುಹೋಗಲೋ ಎಂದು ನಿಂತಿದ್ದಾಗ ನಿಮ್ಮ ಕುಡಿಕೆಯ ಮಾತು ನೆನಪಾಯಿತು. ಒಳಗೆ ಹೋಗಿ ಮುನಿವೆಂಕಟಪ್ಪನವರಿಗೆ ಎಲ್ಲವನ್ನೂ ಹೇಳಿಬಿಟ್ಟೆ.

ಅವರು ಲಾಳಿ ನಿಲ್ಲಿಸಲಿಲ್ಲ. ಎಳೆ ನೋಡುತ್ತಲೇ ಕೇಳಿದರು. "ಏನಪ್ಪಾ, ನಮ್ಮಲ್ಲಿ ಕುಡಿಯೋನೊಬ್ಬ ಇದ್ದ. ಶನಿವಾರ ಕೂಲೀನ ಅವನ ಹೆಂಡ್ತಿ ಕೈಗೇ ಕೊಡ್ತಿದ್ದೆ. ನಿನ್ನ ಹೆಂಡ್ತಿ ಇಲ್ಲಿಲ್ವಲ್ಲ. ನಮ್ಮ ಅಂಜಿನಮ್ಮನ ಕೈಗೆ ಕೊಡ್ಲಾ?" ಎಂದರು. ಈಗ ನನ್ನ ದುಡಿಮೆ ಅವರ ಹೆಂಡತಿ ಅಂಜಿನಮ್ಮನ ಸೊಂಟದಲ್ಲಿದೆ. ಆಯಮ್ಮನಿಗೆ ಕಾರಣ ಹೇಳಿಲ್ಲ. ನಾನು ಸಿನಿಮಾ ಹುಚ್ಚನೆಂದು ತಿಳಿದು, "ಆ ಬೊಂಬೆ ನೋಡಿ ಹೊಟ್ಟೆ ತುಂಬ್ತದಾ?" ಎಂದು ಬೈಯುತ್ತಾಳೆ.

ಮನಸ್ಸು ಶಾಂತವಾಯಿತು ಎಂದು ಬರೆಯಲಾರೆ. ಲಾಳಿಯ ಹಾಗೆ ಆ ಕಡೆಯಿಂದ ಈ ಕಡೆಗೆ ಓಡುತ್ತದೆ. ಕೂರುತ್ತೇನೆ, ಏಳುತ್ತೇನೆ, ಗುಂಡಿ ಹಾಕಿದ ಅಂಗಿಗೇ ಮತ್ತೆ ಗುಂಡಿ ಹಾಕುತ್ತೇನೆ. ಮೊನ್ನೆ ಶನಿವಾರ ಹೊರಗಿನವನೊಬ್ಬ ಅಂಗಿ ಹೊಲಿಸಿಕೊಂಡು ಕೂಲಿಯನ್ನು ನನ್ನ ಕೈಗೇ ಕೊಟ್ಟ. ಅಷ್ಟೇ, ಕಾಲು ಹೊರಟಿತು. ಕಾರ್ಡು ಬರೆಯಲಿಲ್ಲ. ಬಸ್ ನಿಲ್ದಾಣಕ್ಕೆ ಹೋಗಿ ಬೆಂಗಳೂರಿನ ಬಸ್ಸಿನಲ್ಲಿ ಕೂತೆ. ಬಾಯಲ್ಲಿ ನೂಲು.

ಇದ್ದಿಲು ಹೊತ್ತಿಸಿದರು, ಗಾಳಿ ಹಾಕಿದರು, ಹ್ಯಾಂಡಲ್ ತಿರುಗಿಸಿದರು. ಬಸ್ಸು ಕೆಮ್ಮಿತು, ಹೊರಡಲಿಲ್ಲ. ಡ್ರೈವರ್, "ಗಂಡಸರೆಲ್ಲ ಇಳಿದು ಒಂದು ಕೈ ಹಾಕ್ರಪ್ಪಾ!" ಎಂದು ಕೂಗಿದ. ಇಳಿದೆ. ಎಲ್ಲರೂ ಸೇರಿ ತಳ್ಳಿದೆವು. ಎಲ್ಲರಿಗಿಂತ ಹೆಚ್ಚು ಶಕ್ತಿ ಹಾಕಿ ತಳ್ಳಿದವನು ನಾನೇ, ಭಾವ. ನನಗೆ ಅಷ್ಟು ಆತುರವಿತ್ತು. ಸ್ವಲ್ಪ ದೂರ ಹೋಗಿ ಎಂಜಿನ್ ಹಿಡಿಯಿತು. ನಿಲ್ಲಿಸಿದರೆ ಮತ್ತೆ ಕೆಡುತ್ತದೆಂದು ಅವನು ನಿಲ್ಲಿಸಲಿಲ್ಲ. ಮಿಕ್ಕವರು ಓಡಿ ಓಡಿ ಹತ್ತಿಕೊಂಡರು. "ಓಡಿ ಬಾರಪ್ಪೋ!" ಎಂದು ಬಾಗಿಲಿನಿಂದ ಒಬ್ಬ ಕೈ ಚಾಚಿದ.

ನಾನು ಓಡಲಿಲ್ಲ. ಜಯಿಸಿದೆ ಎಂದು ಹೇಳಿಕೊಳ್ಳಲಾರೆ, ಪ್ರಾರ್ಥನೆಯೂ ಮಾಡಿರಲಿಲ್ಲ. ಕೈಯೆಲ್ಲ ಮಸಿ, ರಸ್ತೆಯ ನಡುವೆ ನಿಂತಿದ್ದೆ. ಇಷ್ಟು ವರ್ಷ ನನ್ನನ್ನು ಕೇಳದೆ ಹೋಗುತ್ತಿದ್ದ ಕಾಲು ಅವತ್ತು ನನ್ನನ್ನು ಕೇಳದೆ ನಿಂತಿತ್ತು. ಅದು ಯಾರ ಕೆಲಸ ಎಂದು ನಿಮಗೆ ಗೊತ್ತು, ನನಗೂ ಗೊತ್ತು. ಬಸ್ಸು ಮರೆಯಾದ ಮೇಲೆ ಬಾಯಿಂದ ನೂಲು ತೆಗೆದು ಎಸೆದು, ನಡೆದುಕೊಂಡು ಬಂದು, ಕಾಸನ್ನು ಅಂಜಿನಮ್ಮನಿಗೆ ಕೊಟ್ಟೆ. ಬರುವ ಶನಿವಾರದ ಮಾತು ಗೊತ್ತಿಲ್ಲ.

ಈ ಕಾಗದವನ್ನು ರತ್ನಳಿಗೆ ಕೊಡಿ. ಓದದಿದ್ದರೆ ಒಲೆಗೆ ಹಾಕಲಿ. ನಾನು ಏನೂ ಕೇಳುವುದಿಲ್ಲ. ಇಲ್ಲ, ಕೇಳುತ್ತೇನೆ. ಕುಡಿಕೆ ಇನ್ನೂ ಬೋರಲೇ ಇದೆಯಾ?

ಪಿಳ್ಳಪ್ಪ


ಚನ್ನರಾಯಪಟ್ಟಣ
29 ಮೇ 1944

ಪ್ರಿಯ ಪಿಳ್ಳಪ್ಪ,

ಎಲ್ಲ ಕಾರ್ಡೂ ತಲುಪಿವೆ. ಅಂಚೆಯವನು, "ಏನ್ ಉಪದೇಶಿಗಳೇ, ನಿಮ್ಮ ಭಾವಮೈದನಿಗೆ ಹೆಸರು ಬಿಟ್ರೆ ಬೇರೆ ಏನೂ ಬರೆಯೋಕೆ ಬರಲ್ವಾ?" ಎಂದು ಕೇಳಿದ. ಇನ್ನೂ ಕಲಿಯುತ್ತಿದ್ದಾನೆ ಎಂದೆ. ಆ ಕಾರ್ಡುಗಳು ಏನೆಂದು ರತ್ನ ಕೇಳಿದಾಗ ನಿಜ ಹೇಳಿದೆ. ಅವತ್ತಿನಿಂದ ಕಾರ್ಡು ಬಂದ ದಿನ ಅವಳು ಯಾರೊಡನೆಯೂ ಮಾತಾಡುವುದಿಲ್ಲ. ಸಾರಮ್ಮ, "ಅದೂ ಪ್ರಾರ್ಥನೇನೇ, ಸುಮ್ನಿರಿ" ಎನ್ನುತ್ತಾಳೆ.

ಬಸ್ಸಿನ ಕಥೆ ಓದಿ ನನಗೆ ಎಂಥಾ ಪ್ರಸಂಗ ಹೊಳೆಯಿತು ಗೊತ್ತೇ? ಮಾಡುವುದಿಲ್ಲ. ಬಾಯಿ ಹೊಲಿದುಕೊಂಡಿದ್ದೇನೆ. ಬಿದ್ದರೆ ಏಳು, ಎದ್ದರೆ ಬರೆ. ನಾನು ಇಲ್ಲಿದ್ದೇನೆ. ಕುಡಿಕೆಯ ಉತ್ತರ ನಾನು ಕೊಡುವಂಥದ್ದಲ್ಲ. ಕೆಳಗೆ ಜಾಗ ಬಿಟ್ಟು ಕಾಗದವನ್ನು ಅವಳ ಮುಂದೆ ಇಡುತ್ತೇನೆ. ಬರೆದರೆ ಬರೆದಳು.

ದಾನಿಯೇಲಪ್ಪ


ಅಣ್ಣ ಮೇಲೆ ಏನು ಬರೆದಿದ್ದಾನೋ ನಾನು ಓದಿಲ್ಲ. ರತ್ನ ಕ್ಷಮಿಸಿದಳು ಎಂದು ಬರೆದಿದ್ದರೆ ಆ ಸಾಲನ್ನು ಹೊಡೆದು ಹಾಕಿ. ನನಗೆ ಇನ್ನೂ ಕೋಪವಿದೆ. ಸಭೆಯ ಎದುರು ಕೂತು ಅದನ್ನು ಕೇಳಿದ ದಿನ ಭೂಮಿ ಬಾಯಿ ಬಿಡಬಾರದೇ ಎನ್ನಿಸಿತ್ತು. ನಿಮಗೆ ಇಷ್ಟು ಸಂಕಟವಿತ್ತು ಎಂದು ನನಗೆ ಹೇಳದೆ ಅಣ್ಣನಿಗೆ ಹೇಳಿದಿರಿ. ಮೇಕೆ ಮರಿ ಎಂದು ನಗುತ್ತಿದ್ದೆನಲ್ಲ, ಆ ದಿನಗಳಲ್ಲೇ ಹೇಳಬಾರದಾಗಿತ್ತೇ?

ನೀವು ಬಸ್ಸು ತಳ್ಳಿ ಹತ್ತದೆ ನಿಂತದ್ದನ್ನು ಓದಿದೆ. ಮತ್ತೊಮ್ಮೆ ಓದಿದೆ. ಇವತ್ತು ಮುದ್ದೆಗೆ ಹಿಟ್ಟು ಹಾಕುವಾಗ ನಾನು ಹೇಳುವ ಮುಂಚೆಯೇ ಕೈ ಗೂಡಿಗೆ ಹೋಯಿತು. ಕುಡಿಕೆಯನ್ನು ನೆಟ್ಟಗೆ ಇಟ್ಟು ಒಂದು ಹಿಡಿ ಹಾಕಿದೆ. ನಾಳೆಯ ಮಾತು ನನಗೂ ಗೊತ್ತಿಲ್ಲ.

ಇನ್ನು ನೂಲು ಕಚ್ಚಬೇಡಿ. ಅತ್ತಿಗೆ ಗುರುವಾರ ದೊಡ್ಡಬಳ್ಳಾಪುರಕ್ಕೆ ಬರುತ್ತಾರೆ. ಅವರ ಕೈಯಲ್ಲಿ ಹುರಿಗಡಲೆ ಕಟ್ಟಿ ಕಳಿಸುತ್ತಿದ್ದೇನೆ. ಅಂಗಿಯ ಜೇಬಿಗೆ ಹಾಕಿಕೊಂಡು ಅದನ್ನು ಕಚ್ಚಿ. ಮುಗಿದರೆ ನನಗೆ ಬರೆಯಿರಿ.

ರತ್ನ